ಬೋಲ್ಟ್ ಮುರಿದರೆ ಸಂಬಳವನ್ನೇಕೆ ಮುರಿಯಬೇಕು?



ಹೊಸೂರಿನ ಒಂದು ಲಾರಿ ಗ್ಯಾರೇಜಿನಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ ಒಂದು ನನ್ನ ಕೈಯಲ್ಲಿ ಮುರಿಯಿತು. ಶನಿವಾರದ ಬಟವಾಡೆಯಲ್ಲಿ ಎರಡು ದಿನದ ಕೂಲಿ ಇರಲಿಲ್ಲ. "ನಿನ್ನ ಕೈ ಒರಟು" ಎಂದರು ಮಾಲೀಕರು. ನಾನೂ ಅದನ್ನು ಬಹಳ ವರ್ಷ ನಂಬಿದ್ದೆ. ಈಗಲೂ ಎಷ್ಟೋ ಹುಡುಗರು ನಂಬಿರುವುದರಿಂದ ಇದನ್ನು ಬರೆಯಬೇಕಾಗಿದೆ.

ಬೋಲ್ಟ್ ಕಚ್ಚಿಕೊಳ್ಳುವುದು ಬಿಚ್ಚುವವನ ಕೈಯಿಂದಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ತಿರುಪಿನ ಸಂದಿನಲ್ಲಿ ಬೆಣೆ ಹೊಡೆದಂತೆ ಕೂರುತ್ತದೆ. ಜೋಡಿಸಿದ ದಿನವೇ ಬಿಸಿ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಸವರಿದ್ದರೆ ನನ್ನ ಸ್ಟಡ್ ಬಹುಶಃ ಮುರಿಯುತ್ತಲೇ ಇರಲಿಲ್ಲ. ಆ ಪೇಸ್ಟ್ ಡಬ್ಬಿ ನಮ್ಮ ಗ್ಯಾರೇಜಿಗೆ ಎಂದೂ ಬಂದಿರಲಿಲ್ಲ. ತರಿಸದವರ ಸಂಬಳವನ್ನು ಯಾರು ಮುರಿದರು?

ಇನ್ನು ಕೊಟ್ಟ ಸಾಮಾನು ನೋಡಿರಿ. ಬಾಯಿ ಸವೆದು ಅಗಲವಾದ ಸ್ಪ್ಯಾನರ್, ಅದರ ಹಿಡಿಗೆ ಸಿಕ್ಕಿಸಲು ಒಂದು ನೀರಿನ ಪೈಪು! 8.8 ದರ್ಜೆಯ 10 ಮಿಲಿಮೀಟರ್ ಬೋಲ್ಟನ್ನು ಬಿಗಿಯಲು ಸುಮಾರು 50 ನ್ಯೂಟನ್ ಮೀಟರ್ ಸಾಕು. ಒಂದು ಮೀಟರ್ ಪೈಪಿನ ತುದಿಯಲ್ಲಿ 30 ಕಿಲೋ ಭಾರ ಬಿದ್ದರೆ ಅದು 300ರ ಹತ್ತಿರ ಹೋಗುತ್ತದೆ. ತಲೆ ದುಂಡಗಾಗಬೇಕು, ಇಲ್ಲವೇ ಕುತ್ತಿಗೆ ಮುರಿಯಬೇಕು.

ಮಾಡಬೇಕಾದದ್ದು ಬೇರೆಯೇ ಇದೆ. ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕಿನೊಳಗೆ ಇಳಿಯುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಬೇಕು. ತಲೆಯ ಮೇಲೆ ಸುತ್ತಿಗೆಯಿಂದ ಹದವಾಗಿ ತಟ್ಟಬೇಕು. ಆರು ಮೂಲೆಯ ಸಾಕೆಟ್ ಹಾಕಿ ಮೊದಲು ಕೂದಲೆಳೆಯಷ್ಟು ಬಿಗಿದು, ಆಮೇಲೆ ಸಡಿಲಿಸಿ, ಹಿಂದೆ ಮುಂದೆ ಆಡಿಸಬೇಕು. ಮುರಿದ ಸ್ಟಡ್ಡಿಗೆ ನಟ್ ಇಟ್ಟು ವೆಲ್ಡ್ ಮಾಡಿದರೆ ಆ ಕಾವೇ ಅರ್ಧ ಕೆಲಸ ಮಾಡುತ್ತದೆ. ಈಜಿ-ಔಟ್ ಮಾತ್ರ ಆತುರಕ್ಕೆ ಹಾಕಬೇಡಿ. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯದು. ಟೈರ್ ಕೂಡಿಸಿದ ಚಕ್ರದ ನಟ್ಟಿಗೆ ಗ್ಯಾಸ್ ಜ್ವಾಲೆ ಹಿಡಿಯಲು ಯಾರೇ ಹೇಳಲಿ, ಹಿಡಿಯಬೇಡಿ. ಟೈರ್ ಒಳಗಿಂದ ಕಾದು ಸಿಡಿದರೆ ಎದುರಿದ್ದವನು ಉಳಿಯುವುದು ಕಷ್ಟ.

"ರಾತ್ರಿಯೆಲ್ಲಾ ಎಣ್ಣೆ ಬಿಟ್ಟು ಕೂತರೆ ಗಿರಾಕಿ ಕಾಯುತ್ತಾನೆಯೇ?" ಎನ್ನುತ್ತಾರೆ. ಮುರಿದ ಸ್ಟಡ್ ಕೊರೆದು ತೆಗೆಯುವಾಗ ಅದೇ ಗಿರಾಕಿ ಇಡೀ ದಿನ ಕಾಯುತ್ತಾನಲ್ಲ! ನಮ್ಮ ಹಿರಿಯ ಮೆಕ್ಯಾನಿಕರೂ ಕಡಿಮೆಯಿಲ್ಲ. ಎಣ್ಣೆ ಬಿಡುವ ಹುಡುಗನನ್ನು "ಪೂಜಾರಿ ಬಂದ" ಎಂದು ನಗುತ್ತಾರೆ. ಎಣ್ಣೆ, ಸಾಕೆಟ್, ಸಮಯ ಎಲ್ಲ ಇದ್ದೂ ಸೋಮಾರಿತನದಿಂದ ಪೈಪು ಹಿಡಿದವನ ಪರವಾಗಿ ನಾನು ವಾದಿಸುವುದಿಲ್ಲ. ಆದರೆ ಅಂಥವನು ನೂರರಲ್ಲಿ ಒಬ್ಬ.

ಕಾನೂನೂ ಇದನ್ನೇ ಹೇಳುತ್ತದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಮಾತು ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಇದೆ. ನಷ್ಟಕ್ಕಾಗಿ ಕೂಲಿ ಹಿಡಿಯಬೇಕಾದರೆ ಅದು ಕೆಲಸಗಾರನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ಆಗಿರಬೇಕು. ಮೊದಲು ಅವನ ಮಾತು ಕೇಳಬೇಕು. ಹಿಡಿದ ಹಣ ನಷ್ಟವನ್ನು ಮೀರಬಾರದು. ನನ್ನನ್ನು ಯಾರೂ ಕೇಳಲಿಲ್ಲ.

ಆದ್ದರಿಂದ ಮುರಿದ ತುಂಡನ್ನು ಎಸೆಯಬೇಡಿ. ಮುರಿದ ಮುಖದಲ್ಲಿ ಹಳೆಯ ತುಕ್ಕಿನ ಕಪ್ಪು ಕಲೆ ಕಂಡರೆ ಆ ಸ್ಟಡ್ ನಿಮ್ಮ ಕೈಗೆ ಬರುವ ಮೊದಲೇ ಬಿರುಕು ಬಿಟ್ಟಿತ್ತು. ಶನಿವಾರ ಬಟವಾಡೆಯ ಮೇಜಿನ ಮೇಲೆ ಅದನ್ನು ಇಡಿ. ಕೂಲಿ ಹಿಡಿಯುವ ಕಾರಣವನ್ನು ಬರೆದು ಕೊಡಿರೆಂದು ಕೇಳಿ. ಪಕ್ಕದಲ್ಲಿ ಇನ್ನಿಬ್ಬರು ನಿಂತಿರಲಿ.