ನೋವು ನಿಜ, ಮನಸ್ಸಿನ ಪಾತ್ರವೂ ನಿಜ

ಹಲವು ವರ್ಷಗಳಿಂದ ಕತ್ತು ಮತ್ತು ಭುಜದ ನೋವಿನಿಂದ ಬಳಲುತ್ತಿದ್ದ ಸಹೋದರಿಯೊಬ್ಬರು ಕಣ್ಣೀರು ತುಂಬಿಕೊಂಡು ನಮ್ಮ ಬಳಿಗೆ ಬಂದಿದ್ದರು. ಎಲ್ಲ ಪರೀಕ್ಷೆಗಳ ವರದಿಗಳೂ ಸರಿಯಾಗಿದ್ದವು. ಮನೆಯವರು, ‘ಇದೆಲ್ಲ ನಿನ್ನ ಮನಸ್ಸಿನ ಭ್ರಮೆ’ ಎಂದುಬಿಟ್ಟಿದ್ದರು. ವೃತ್ತಿಯ ಆರಂಭದ ದಿನಗಳಲ್ಲಿ ನಾವೂ ರೋಗಿಗಳಿಗೆ ಇಂಥ ಮಾತನ್ನು ಹೇಳಿದ್ದುಂಟು. ಅದು ತಪ್ಪೆಂದು ಇಂದು ಒಪ್ಪಿಕೊಳ್ಳುತ್ತೇವೆ. ಮನಸ್ಸಿನ ಸ್ಥಿತಿಗೆ ಅನುಗುಣವಾಗಿ ಏರಿಳಿಯುವ ನೋವು ಸುಳ್ಳು ನೋವಲ್ಲ.

ನರಗಳು ತಂದೊಪ್ಪಿಸುವ ಸಂವೇದನೆಯನ್ನು ಮೆದುಳು ಇದ್ದಂತೆಯೇ ಸ್ವೀಕರಿಸುವುದಿಲ್ಲ. ಭಯ, ಗಮನ, ನಿರೀಕ್ಷೆಗಳು ಅದನ್ನು ಹಿಗ್ಗಿಸುತ್ತವೆ, ಇಲ್ಲವೆ ಕುಗ್ಗಿಸುತ್ತವೆ. 1978ರಲ್ಲಿ ಅಮೆರಿಕದ ಸಂಶೋಧಕರು ಹಲ್ಲು ಕೀಳಿಸಿಕೊಂಡವರಿಗೆ ಔಷಧಾಂಶವಿಲ್ಲದ ಚುಚ್ಚುಮದ್ದು ನೀಡಿದಾಗ ಕೆಲವರ ನೋವು ತಗ್ಗಿತು. ಬಳಿಕ ನಲೊಕ್ಸೋನ್ ಕೊಟ್ಟಾಗ ಅವರ ನೋವು ಮತ್ತೆ ಹೆಚ್ಚಿತು. ಅಫೀಮು ವರ್ಗದ ನೋವುಶಾಮಕಗಳ ಪರಿಣಾಮವನ್ನು ತಡೆಯುವುದೇ ನಲೊಕ್ಸೋನಿನ ಕಾರ್ಯ. ನಂಬಿಕೆಯಿಂದಾಗಿ ದೇಹವೇ ತನ್ನೊಳಗೆ ಅಂಥ ದ್ರವ್ಯವನ್ನು ಸ್ರವಿಸಿತ್ತೆಂದು ಅವರು ನಿರ್ಣಯಿಸಿದರು.

ನಮ್ಮ ಆಯುರ್ವೇದಕ್ಕೆ ಈ ವಿಚಾರ ಹೊಸದಲ್ಲ. ಚರಕ ಸಂಹಿತೆಯು ಶರೀರ ಮತ್ತು ಮನಸ್ಸು ಎರಡನ್ನೂ ವ್ಯಾಧಿಯ ಆಶ್ರಯವೆಂದು ಹೇಳುತ್ತದೆ. ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ವಾವಜಯ ಎಂದು ಮೂರಾಗಿ ವಿಂಗಡಿಸುತ್ತದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದೇ ಸತ್ವಾವಜಯ. ಅದನ್ನು ಔಷಧಕ್ಕೆ ಸಮನಾದ ಚಿಕಿತ್ಸೆಯೆಂದು ಆಚಾರ್ಯರು ಪರಿಗಣಿಸಿದ್ದನ್ನು ಗಮನಿಸಬೇಕು.

ಸೂಚನೆಗಳನ್ನು ಕೇಳುತ್ತ ಅಂಗಾಂಗಗಳನ್ನು ಸಡಿಲಿಸುವ ಅಭ್ಯಾಸವನ್ನು ನಾವು ಈ ದೃಷ್ಟಿಯಿಂದಲೇ ಹೇಳಿಕೊಡುತ್ತೇವೆ. ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ಕ್ರಮವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇದನ್ನು ಮನೆಯಲ್ಲಿಯೇ ಮಾಡಬಹುದು. ಚಾಪೆಯ ಮೇಲೆ ಶವಾಸನದಲ್ಲಿ ಮಲಗಬೇಕು. ಮನೆಯವರೊಬ್ಬರು ಮೆಲುದನಿಯಲ್ಲಿ ಒಂದೊಂದೇ ಅಂಗದ ಹೆಸರು ಹೇಳುತ್ತ ಹೋಗಬೇಕು. ಪಾದದಿಂದ ಮುಖದವರೆಗೆ ಪ್ರತಿ ಅಂಗವನ್ನು ಐದಾರು ಸೆಕೆಂಡು ಮೆಲ್ಲನೆ ಬಿಗಿಹಿಡಿದು, ಅರ್ಧ ನಿಮಿಷ ಪೂರ್ಣ ಸಡಿಲಬಿಡಬೇಕು. ಉಸಿರು ಕಟ್ಟಬಾರದು. ನೋವಿರುವ ಭಾಗವನ್ನು ಬಿಗಿಮಾಡದೆ ಸಡಿಲಿಸಿದರೆ ಸಾಕು. ದಿನಕ್ಕೆ ಹದಿನೈದು ನಿಮಿಷ, ಕೆಲವು ವಾರ ತಪ್ಪದೆ ಮಾಡಬೇಕು.

ಆ ಸಹೋದರಿಗೆ ಅವರ ಮೊಮ್ಮಗಳೇ ಪ್ರತಿ ರಾತ್ರಿ ಸೂಚನೆ ಹೇಳುತ್ತಿದ್ದಳು. ನೋವು ಪೂರ್ತಿಯಾಗಿ ಹೋಗಲಿಲ್ಲ. ಆದರೆ ಕಳೆದುಹೋಗಿದ್ದ ನಿದ್ರೆ ಮರಳಿತು, ನೋವಿನ ಭಯ ಕಡಿಮೆಯಾಯಿತು. ‘ಈಗ ಮನೆಯವರು ನನ್ನ ಮಾತು ನಂಬುತ್ತಾರೆ’ ಎಂದು ಅವರು ಹೇಳಿದಾಗ, ಅದೂ ಚಿಕಿತ್ಸೆಯ ಒಂದು ಭಾಗವೆಂದು ನಮಗೆ ಮನವರಿಕೆಯಾಯಿತು.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಮನಸ್ಸು ಗಟ್ಟಿಯಿದ್ದರೆ ಯಾವ ರೋಗವೂ ಬಾರದೆಂದು ನಂಬಿ ಔಷಧ ಬಿಡುವವರನ್ನು ನಾವು ಕಂಡಿದ್ದೇವೆ. ಎದೆಯಲ್ಲಿ ಒತ್ತಡ, ಒಂದು ಪಕ್ಕದ ಕೈಕಾಲಿನ ಬಲಹೀನತೆ, ಮಾತಿನ ತೊದಲು, ಹಠಾತ್ತನೆ ಬಂದ ತೀವ್ರ ತಲೆನೋವು, ಇವು ವಿಶ್ರಾಂತಿಯಿಂದ ಪರೀಕ್ಷಿಸುವ ಲಕ್ಷಣಗಳಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರ ಅಥವಾ ತೂಕದ ಇಳಿಕೆಯೊಡನೆ ಬಂದ ನೋವಿಗೂ ಮೊದಲು ತಪಾಸಣೆಯಾಗಬೇಕು. ರಕ್ತದೊತ್ತಡ, ಮಧುಮೇಹದ ಔಷಧಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇಷ್ಟಲಿಂಗ ಪೂಜೆಯಿಂದ ಇಂಥದೇ ಫಲ ದೊರೆಯುವುದಿಲ್ಲವೇ ಎಂದು ಸದ್ಭಕ್ತರು ಕೇಳುವುದುಂಟು. ಏಕಾಗ್ರತೆಯಿಂದ ಕುಳಿತವರಿಗೆ ಶಾಂತಿ ದೊರೆಯುವುದು ಸಹಜ. ಆದರೆ ಶಿವಯೋಗದ ಗುರಿ ಲಿಂಗಾಂಗ ಸಾಮರಸ್ಯವೇ ಹೊರತು ಕತ್ತುನೋವಿನ ಶಮನವಲ್ಲ. ಪೂಜೆಯನ್ನು ಮಾತ್ರೆಯಂತೆ ಕಾಣುವುದು ಪೂಜೆಗೂ ವೈದ್ಯಕ್ಕೂ ನ್ಯಾಯವಲ್ಲ. ಮೊಣಕಾಲು ನೋವಿರುವ ಹಿರಿಯರು ಕುರ್ಚಿಯ ಮೇಲೆ ಕುಳಿತು ಪೂಜಿಸಿದರೂ ಭಕ್ತಿಗೆ ಕೊರತೆಯಾಗದೆಂಬುದು ನಮ್ಮ ಭಾವನೆ.

ನಿಮ್ಮ ಮನೆಯಲ್ಲಿ ಯಾರಾದರೂ ನೋವೆಂದರೆ ಮೊದಲು ನಂಬಿರಿ, ಬಳಿಕ ತಪಾಸಣೆ ಮಾಡಿಸಿರಿ. ಆಮೇಲೆ ಅವರ ಪಕ್ಕದಲ್ಲಿ ಕುಳಿತು ಹದಿನೈದು ನಿಮಿಷ ಸೂಚನೆ ಹೇಳಿರಿ. ನೊಂದವರ ಮಾತಿಗೆ ಕಿವಿಗೊಡುವುದೂ ದಾಸೋಹವೇ.