ಕೊರಳಪಟ್ಟಿ ಹೇಳಿದ್ದು ಊರಿಗೂ ತಿಳಿಯಲಿ



ಊರಿಂದ ಅಮ್ಮ ಬಂದಿದ್ದಾರೆ. ಆಲೂರಿನ ಕಾಫಿ ತೋಟವನ್ನು ಮೂರು ತಿಂಗಳ ಮಟ್ಟಿಗೆ ಅಣ್ಣನಿಗೆ ಒಪ್ಪಿಸಿ, ಬ್ರಿಸ್ಬೇನ್ ಪಕ್ಕದ ಈ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಮನೆಯಲ್ಲಿ ನಮ್ಮ ಜೊತೆ ಇದ್ದಾರೆ. ಮೊನ್ನೆ ರಾತ್ರಿ ಊಟ ಮುಗಿಸಿ ಟೀವಿ ಮುಂದೆ ಕೂತಿದ್ದೆವು. ಹಿಮ ಚಿರತೆಯ ಬಗ್ಗೆ ಕಾರ್ಯಕ್ರಮ. ಎಷ್ಟು ಚೆಂದದ ಪ್ರಾಣಿ, ಆದರೆ ಕುತ್ತಿಗೆಗೆ ದಪ್ಪನೆಯ ಪಟ್ಟಿ! "ಪಾಪ, ಕಾಡಲ್ಲಿರೋ ಪ್ರಾಣಿಗೆ ಇದನ್ನೆಲ್ಲ ಯಾಕೆ ಕಟ್ತಾರೋ" ಅಂದೆ. ಅಮ್ಮ ತಟ್ಟನೆ ಹೇಳಿದರು: "ನಮ್ಮೂರ ಕಡೆ ಆನೆಗೂ ಹಾಕವ್ರಲ್ಲೋ. ಎಲ್ಲೈತೆ ಅಂತ ಫೋನಿಗೆ ಮೆಸೇಜ್ ಬರುತ್ತೆ. ಅದು ನೋಡ್ಕಂಡೇ ಕೆಲಸದವರನ್ನ ತೋಟಕ್ಕೆ ಕಳಿಸೋದು."

ದಿನಾ ಕಂಪ್ಯೂಟರ್ ಮುಂದೆ ಕೂತು ಡೇಟಾ, ಡೇಟಾ ಅನ್ನುವ ನನಗಿಂತ ಅಮ್ಮನಿಗೇ ವಿಷಯ ಚೆನ್ನಾಗಿ ಗೊತ್ತಿತ್ತು! ನಾಚಿಕೆಯಾಗಿ ಆಮೇಲೆ ಒಂದಷ್ಟು ಓದಿದೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಹಿಮ ಚಿರತೆಗೆ ಮೊದಲು ರೇಡಿಯೋ ಕಾಲರ್ ಹಾಕಿದ್ದು 1982ರಲ್ಲಿ, ನೇಪಾಳದಲ್ಲಿ, ರಾಡ್ನಿ ಜಾಕ್ಸನ್ ಎಂಬ ಸಂಶೋಧಕರು. ಆಂಟೆನಾ ಹಿಡಿದು ಬೆಟ್ಟ ಹತ್ತಿ ಸಿಗ್ನಲ್ ಹುಡುಕಬೇಕಾದ ಕಾಲ ಅದು. ಕಣಿವೆಯ ಆಚೆಗೆ ಪ್ರಾಣಿ ಹೋದರೆ ಸಿಗ್ನಲ್ಲೂ ಇಲ್ಲ. 2008ರಲ್ಲಿ ಮಂಗೋಲಿಯಾದ ತೋಸ್ತ್ ಬೆಟ್ಟಗಳಲ್ಲಿ ಸ್ನೋ ಲೆಪರ್ಡ್ ಟ್ರಸ್ಟ್ ಮತ್ತು ಜೊತೆಯವರು ಜಿಪಿಎಸ್ ಕಾಲರ್ ಹಾಕತೊಡಗಿದರು. ಉಪಗ್ರಹದ ಮೂಲಕ ದಿನಕ್ಕೆ ಹಲವು ಬಾರಿ ಪ್ರಾಣಿ ಇರುವ ಜಾಗ ತಿಳಿಯುತ್ತದೆ. ಅವಧಿ ಮುಗಿದ ಮೇಲೆ ಪಟ್ಟಿ ತಾನೇ ಕಳಚಿ ಬೀಳುತ್ತದೆ.

ಅದರಿಂದ ತಿಳಿದದ್ದೇನು? 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಂದು ಗಂಡು ಹಿಮ ಚಿರತೆ ಓಡಾಡುವ ಜಾಗ ಸರಾಸರಿ 207 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರದ ಕಾಲು ಭಾಗಕ್ಕೂ ಜಾಸ್ತಿ! ಹೆಣ್ಣಿನದ್ದು 124. ಹಳೆಯ ಅಂದಾಜಿಗಿಂತ ಇದು 6ರಿಂದ 44 ಪಟ್ಟು ದೊಡ್ಡದು. ಹಿಮ ಚಿರತೆ ವಾಸಿಸುವ ನೆಲೆಗಳಲ್ಲಿ 170 ರಕ್ಷಿತ ಪ್ರದೇಶಗಳಿವೆ. ಅವುಗಳಲ್ಲಿ ನೂರಕ್ಕೆ ನಲವತ್ತು ಒಂದೇ ಒಂದು ಗಂಡಿಗೂ ಸಾಲುವುದಿಲ್ಲ. ಅಂದಮೇಲೆ ಬೇಲಿ ಹಾಕಿ "ಇದು ಅಭಯಾರಣ್ಯ" ಅಂತ ಬೋರ್ಡು ನೆಟ್ಟರೆ ಚಿರತೆ ಉಳಿಯುತ್ತದೆಯೇ? ಇಲ್ಲ. ಬೇಲಿಯ ಆಚೆ ಕುರಿ, ಮೇಕೆ ಸಾಕುವ ಜನ ಮನಸ್ಸು ಮಾಡಿದರೆ ಮಾತ್ರ ಉಳಿಯುತ್ತದೆ.

ಇನ್ನೊಂದು ಮಾತು. ಕಾಲರ್ ಹಾಕಿದ ಚಿರತೆ ಒಂದೇ ಕಡೆ ಹೆಚ್ಚು ಹೊತ್ತು ನಿಂತ ಜಾಗಗಳಿಗೆ ಹೋಗಿ ನೋಡಿದಾಗ 249 ಬೇಟೆಗಳ ಲೆಕ್ಕ ಸಿಕ್ಕಿತು. ಅದರಲ್ಲಿ ಶೇಕಡಾ 73 ಕಾಡುಪ್ರಾಣಿಗಳು, ಸಾಕುಪ್ರಾಣಿಗಳು ಶೇಕಡಾ 27. ಆ ಬೆಟ್ಟಗಳಲ್ಲಿ ಕಾಡುಪ್ರಾಣಿಗಿಂತ ಸಾಕುಪ್ರಾಣಿಗಳು ಹತ್ತು ಪಟ್ಟು ಇದ್ದರೂ! ಅಂದರೆ ಕಾಡುಮೇಕೆ ಉಳಿದರೆ ಸಾಕುಮೇಕೆಯ ಮೇಲಿನ ಒತ್ತಡ ಕಡಿಮೆ. ಇದು ಮೊದಲು ತಿಳಿಯಬೇಕಾದದ್ದು ಯಾರಿಗೆ? ಮೇಕೆ ಕಳೆದುಕೊಂಡವನಿಗೆ ತಾನೇ?

ಈ ಸಂಶೋಧನೆಯ ತಂಡದಲ್ಲಿ ಮೈಸೂರಿನ ನಂಟೂ ಇದೆ ಎಂದು ಎಷ್ಟು ಜನರಿಗೆ ಗೊತ್ತು? ತಂಡದಲ್ಲಿದ್ದ ಚಾರುದತ್ತ ಮಿಶ್ರ ಅವರು ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು. ಹಿಮವೇ ಬೀಳದ ಊರಿನಿಂದ ಹಿಮ ಚಿರತೆಯ ಕೆಲಸ! ಹೆಮ್ಮೆ ಪಡೋಣ. ಆದರೆ ಈ ಸಂಶೋಧನೆಯ ಸಾರ ಕನ್ನಡದಲ್ಲಿ ಬೇಕೆಂದು ನಾನು ಹುಡುಕಿದಾಗ ನನ್ನ ಕೈಗೆ ಏನೂ ಸಿಗಲಿಲ್ಲ.

ಜನರಿಗೆ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಗರಹೊಳೆಯೇ ಸಾಕ್ಷಿ. 1990ರಲ್ಲಿ ಉಲ್ಲಾಸ ಕಾರಂತರು ಅಲ್ಲಿ ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿದರು. ಅದೇ ಸಮಯಕ್ಕೆ ಕೆಲವು ಹುಲಿಗಳು ಸತ್ತಾಗ ಕಾಲರೇ ಕಾರಣ ಎಂದು ಗುಲ್ಲೆದ್ದು, ಕೆಲಸ ಕೆಲಕಾಲ ನಿಂತೇ ಹೋಗಿತ್ತು. ಗುಲ್ಲಿಗೆ ಮದ್ದು ಮಾಹಿತಿ. ಅದು ಜನರ ಮಾತಿನಲ್ಲೇ ಇರಬೇಕು.

ಇಲ್ಲಿ ನೋಡಿ. ಬ್ರಿಸ್ಬೇನ್ ಉತ್ತರದ ಮೋರ್ಟನ್ ಬೇ ರೈಲು ಮಾರ್ಗ ಕಟ್ಟುವಾಗ ಸುಮಾರು 500 ಕೊವಾಲಾಗಳ ಮೇಲೆ ಟ್ರ್ಯಾಕರ್ ಮೂಲಕ ನಿಗಾ ಇಟ್ಟರು. ರೈಲು, ಕಾರುಗಳೇ ಶತ್ರು ಎಂದು ನಮ್ಮಂಥವರು ಭಾವಿಸುತ್ತೇವೆ. ಲೆಕ್ಕ ಹಾಕಿದಾಗ ಅತಿ ಹೆಚ್ಚು ಕೊವಾಲಾಗಳನ್ನು ಕೊಂದದ್ದು ಕಾಡುನಾಯಿಗಳು! ಗೊತ್ತಾದದ್ದರಿಂದ ತಾನೇ ಕಾಡುನಾಯಿಗಳನ್ನು ಹತೋಟಿಗೆ ತರಲು ಸಾಧ್ಯವಾದದ್ದು?

ಹಾಗೆಂದು ಪ್ರಾಣಿ ಈ ಕ್ಷಣ ಎಲ್ಲಿದೆ ಎಂದು ಜಗತ್ತಿಗೆಲ್ಲ ಸಾರಬಾರದು. 2013ರಲ್ಲಿ ಪನ್ನಾದ ಹುಲಿಯೊಂದರ ಕಾಲರ್ ಮಾಹಿತಿ ಬರುತ್ತಿದ್ದ ಇಮೇಲ್‌ಗೆ ಯಾರೋ ನುಗ್ಗಲು ಯತ್ನಿಸಿದ್ದರು. ಬೇಟೆಗಾರರ ಕೈಗೆ ಸಿಕ್ಕರೆ ಕಾಲರೇ ಮೃತ್ಯುಪಾಶ. ಹಾಸನದ ಆನೆಯ ಎಚ್ಚರಿಕೆ ಅಕ್ಕಪಕ್ಕದ ಊರಿಗಷ್ಟೇ ಸಾಕು. ಆದರೆ ವರ್ಷಗಟ್ಟಲೆ ಕಲಿತ ಪಾಠ ಎಲ್ಲರದ್ದಾಗಬೇಕು.

ಅರಿವಳಿಕೆ ಕೊಟ್ಟು ಕೆಡವಿ ಪಟ್ಟಿ ಕಟ್ಟುವುದು ಪ್ರಾಣಿಗೆ ಸುಖವಲ್ಲ, ಅಪಾಯವೂ ಉಂಟು. ಆ ಋಣ ತೀರುವುದು ಪತ್ರಿಕೆಯಲ್ಲಿ ಇಂಗ್ಲಿಷ್ ಪ್ರಬಂಧ ಅಚ್ಚಾದಾಗ ಅಲ್ಲ, ಪ್ರಾಣಿಯ ಜೊತೆ ನೆಲ ಹಂಚಿಕೊಂಡವರಿಗೆ ಅದು ಅರ್ಥವಾದಾಗ.

ನಾವೇನು ಮಾಡಬಹುದು? ವನ್ಯಜೀವಿ ಸಂಸ್ಥೆಗಳಿಗೆ ನಮ್ಮಲ್ಲಿ ಹಲವರು ಡಾಲರ್ ಕಳಿಸುತ್ತೇವೆ. ಕಳಿಸುವಾಗ ಒಂದು ಸಾಲು ಬರೆಯೋಣ: "ಫಲಿತಾಂಶ ಆ ಊರಿನವರ ಭಾಷೆಯಲ್ಲಿ ಸಿಗುತ್ತದೆಯೇ?" ಕರ್ನಾಟಕದ ಕೆಲಸವಾದರೆ "ಕನ್ನಡಕ್ಕೆ ನಾನು ತರುತ್ತೇನೆ" ಎಂದೂ ಸೇರಿಸೋಣ. ಜೀವವಿಜ್ಞಾನ ಓದಿದವರು, ಮ್ಯಾಪ್ ಮಾಡಬಲ್ಲವರು, ಸಾಫ್ಟ್‌ವೇರಿನವರು ನಮ್ಮಲ್ಲಿ ಬೇಕಾದಷ್ಟಿದ್ದೇವೆ. ತಿಂಗಳಿಗೆ ಒಂದು ಸಂಶೋಧನೆ, ಎರಡು ಪುಟದ ಕನ್ನಡ. ಅಷ್ಟು ಆಗದೇ?

ಮೊದಲನೆಯದನ್ನು ನಾನೇ ಶುರು ಮಾಡಿದ್ದೇನೆ. ತಿದ್ದುವವರು ಅಮ್ಮ. "ಇದು ಯಾರಿಗೋ ಅರ್ಥ ಆಗೋದು?" ಅಂತ ಈಗಾಗಲೇ ಎರಡು ಸಲ ವಾಪಸ್ ಕೊಟ್ಟಿದ್ದಾರೆ!

ಏನಂತೀರಿ? ಬರೆಯಿರಿ.

ಸಿರಿಗನ್ನಡಂ ಗೆಲ್ಗೆ.