ಭದ್ರಾವತಿಯ ಉಕ್ಕು ನಮಗೇಕೆ ಬೇಕು?

‘ಭದ್ರಾವತಿಯ ಕಾರ್ಖಾನೆ ಮುಚ್ಚಿದರೆ ಇಂಡಿಯ ಹೆಂಗಸರಿಗೇನು?’ ಎಂದು ನಗುವವರಿದ್ದಾರೆ. ರೊಟ್ಟಿ ಬೇಯಿಸುವ ಹಂಚಿನಿಂದ ಜೋಳ ಕೊಯ್ಯುವ ಕುಡಗೋಲಿನವರೆಗೆ ದಿನವಿಡೀ ಕಬ್ಬಿಣ ಹಿಡಿಯುವ ಕೈ ನಮ್ಮದು. ಕಬ್ಬಿಣದ ಲೆಕ್ಕ ಕೇಳುವಾಗ ಮಾತ್ರ ನಾವು ಒಳಗೆ ಹೋಗಬೇಕೇನು?

ಮೈಸೂರು ಸಂಸ್ಥಾನದ ಈ ಕಾರ್ಖಾನೆ 1923ರ ಜನವರಿಯಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆಯ ಇದ್ದಿಲು. ಮೊದಮೊದಲು ನಷ್ಟವೇ ಆಯಿತು. ಆಗ ಸಂಸ್ಥಾನ ಬೀಗ ಹಾಕಲಿಲ್ಲ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಕರೆದು ಆಡಳಿತ ಒಪ್ಪಿಸಿತು. ಅವರು ಅದನ್ನು ಲಾಭಕ್ಕೆ ತಂದರು. ಇಂದು ಅವರದೇ ಹೆಸರು ಹೊತ್ತಿರುವ ಆ ಕಾರ್ಖಾನೆಯನ್ನು ಮಾರಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಮಾರಾಟ ಕುದುರಲಿಲ್ಲ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಭಾರತೀಯ ಉಕ್ಕು ಪ್ರಾಧಿಕಾರ ಮುಚ್ಚುವ ನಿರ್ಧಾರ ಮಾಡಿತು. ಕಾರಣ ಅದೇ: ನಷ್ಟ.

ನಷ್ಟ ಏಕಾಯಿತು? ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ಆ ಬೆಟ್ಟ ಉಳಿದದ್ದು ಒಳ್ಳೆಯದೇ. ಆದರೆ ಬದಲಿ ಗಣಿಯ ಮಾತು ವರ್ಷಗಟ್ಟಲೆ ಕಡತಗಳಲ್ಲೇ ಓಡಾಡಿತು. ಅದಿರಿನ ರಾಜ್ಯದಲ್ಲೇ ಅದಿರು ಕೊಂಡು ತರಬೇಕಾಯಿತು. ನಮ್ಮ ಕಡೆ ನಿಂಬೆ ತೋಟಕ್ಕೆ ನೀರು ಬಿಡದೆ, ಗಿಡ ಒಣಗಿತೆಂದು ಕೊಡಲಿ ಎತ್ತಿದವನನ್ನು ಯಾರಾದರೂ ಒಕ್ಕಲಿಗ ಅಂದಾರೆಯೇ?

‘ಬಳ್ಳಾರಿಯ ಕಡೆ ಜಿಂದಾಲರ ದೊಡ್ಡ ಕಾರ್ಖಾನೆ ಇದೆಯಲ್ಲ’ ಎನ್ನುತ್ತಾರೆ. ಇದೆ, ಇರಲಿ. ಆದರೆ ಭದ್ರಾವತಿಯ ಕಸುಬು ಬೇರೆ: ರೈಲ್ವೆಗೆ, ರಕ್ಷಣೆಗೆ, ವಾಹನಗಳಿಗೆ ಬೇಕಾದ ವಿಶೇಷ ಮಿಶ್ರ ಉಕ್ಕು. 2030ರ ಹೊತ್ತಿಗೆ 30 ಕೋಟಿ ಟನ್ ಉಕ್ಕು ತಯಾರಿಸುವ ಸಾಮರ್ಥ್ಯ ಬೇಕೆಂದು 2017ರ ರಾಷ್ಟ್ರೀಯ ಉಕ್ಕು ನೀತಿಯೇ ಹೇಳುತ್ತದೆ. ಅಷ್ಟು ಉಕ್ಕು ಬೇಕೆನ್ನುವವರು, ಉಕ್ಕು ಮಾಡಬಲ್ಲ ಕೈಗಳನ್ನು ಮನೆಗೆ ಕಳಿಸುವುದು ಯಾವ ಸಂಸಾರದ ಜಾಣತನ?

ಹಳೆಯ ಊದುಕುಲುಮೆಗೇ ಪ್ರಾಣ ತುಂಬಿ ಎಂದು ನಾನು ಹೇಳುತ್ತಿಲ್ಲ. ಕಾಡು ಸುಟ್ಟು ಕಬ್ಬಿಣ ಮಾಡುವ ಕಾಲ ಮುಗಿಯಿತು. ಗುಜರಿಯವನಿಗೆ ನಾವು ಹಾಕುವ ತುಕ್ಕು ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಕಲ್ಲಿದ್ದಲೂ ಹೊಗೆಯೂ ಎಷ್ಟೋ ಕಡಿಮೆ. ವಿಶೇಷ ಉಕ್ಕಿಗೆ ಈ ದಾರಿ ಚೆನ್ನಾಗಿ ಒಗ್ಗುತ್ತದೆ. ಅದಕ್ಕೆ ಬಂಡವಾಳ ಬೇಕು, ಮನಸ್ಸೂ ಬೇಕು.

ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತ ಮೇಲೆ 2023ರ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. 2024ರಲ್ಲಿ ಉಕ್ಕು ಸಚಿವರಾದ ಕುಮಾರಸ್ವಾಮಿಯವರು ಬಂದು ಭರವಸೆ ಕೊಟ್ಟರು. ಭರವಸೆಯಿಂದ ಒಲೆ ಉರಿಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗಂಡಸಿನ ಹೆಸರಿದ್ದರೂ ಕಿರಾಣಿ ಅಂಗಡಿಯ ಉದ್ರಿ ಚೀಟಿ ಹೆಂಗಸಿನ ಕೈಯಲ್ಲಿರುತ್ತದೆ. ಅದೇ ಊರಿನ ಕಾಗದದ ಕಾರ್ಖಾನೆ 2015ರಲ್ಲಿ ನಿಂತಾಗಲೇ ಆ ಚೀಟಿ ಉದ್ದವಾಗಿತ್ತು.

ಓಟು ಕೇಳಲು ಬಂದವರು ನಮಗೆ ಸೀರೆ, ಭಾಂಡೆ ತೋರಿಸುತ್ತಾರೆ. ಈ ಸಲ ನಾವೇ ಕೇಳೋಣ: ಭದ್ರಾವತಿಗೆ ಗಣಿ ಯಾವಾಗ, ಹೊಸ ಕುಲುಮೆ ಯಾವಾಗ? ತಾರೀಖು ಹೇಳಿದವರಿಗೆ ಚಹಾ ಕೊಡೋಣ.